ರೋಗಶಯ್ಯೆಯ ಬಳಿಯ ನೋಂಪಿ

ಅಕ್ಷಯತೃತೀಯೆಯನ್ನು ಉಪವಾಸದ ಪರ್ವವೆನ್ನುವುದಕ್ಕಿಂತ ಪಾರಣೆಯ ಪರ್ವವೆನ್ನುವುದೇ ಯುಕ್ತ. ಆದಿತೀರ್ಥಂಕರ ಶ್ರೀ ವೃಷಭಸ್ವಾಮಿಯು ಆರು ತಿಂಗಳ ಯೋಗವನ್ನು ಪೂರೈಸಿ ಆಹಾರಚರ್ಯೆಗೆ ಹೊರಟಾಗ ಪ್ರಜೆಗಳಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ವಿಧಿಯ ಅರಿವು ಮಾತ್ರ ಇರಲಿಲ್ಲ. ಕೆಲವರು ರತ್ನಗಳನ್ನು ತಂದರು, ಕೆಲವರು ಆನೆ ಕುದುರೆಗಳನ್ನು ತಂದರು, ಮತ್ತೆ ಕೆಲವರು ಕನ್ಯೆಯರನ್ನೇ ಕರೆತಂದು ನಿಲ್ಲಿಸಿದರು. ಬೇಕಾದುದೊಂದನ್ನು ಬಿಟ್ಟು ಉಳಿದುದೆಲ್ಲವೂ ಬಂದಿತು. ತಿಂಗಳುಗಳು ಉರುಳಿದ ಮೇಲೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಪೂರ್ವಭವದ ಸ್ಮರಣೆಯಿಂದ ವಿಧಿಯನ್ನರಿತು ಸ್ವಾಮಿಯ ಕರಪಾತ್ರೆಗೆ ಇಕ್ಷುರಸವನ್ನೆರೆದನು. ದಾನತೀರ್ಥದ ಪ್ರವರ್ತನೆಯು ಅಂದಾಯಿತೆಂದು ಪುರಾಣವು ಸಾರುತ್ತದೆ. ಭಕ್ತಿಯಿದ್ದೂ ವಿವೇಕವಿಲ್ಲದಿದ್ದರೆ ಬೇಕಾದವರಿಗೆ ಬೇಕಾದುದು ದೊರೆಯದು ಎಂಬುದೇ ಆ ಕಥೆಯ ತಾತ್ಪರ್ಯ. ದಾನಕ್ಕೆ ಸಲ್ಲುವ ಈ ಮಾತು ವ್ರತಕ್ಕೂ ಸಲ್ಲುತ್ತದೆ. ಮನೆಯ ಮಗುವೊಂದು ಮಹಾವ್ಯಾಧಿಗೆ ತುತ್ತಾದಾಗ ತಾಯಿತಂದೆಗಳು ಕೈಕೊಳ್ಳುವ ವ್ರತ ಯಾವುದು, ಕೈಕೊಳ್ಳಬೇಕಾದ ವ್ರತ ಯಾವುದು ಎಂಬುದನ್ನು ಶ್ರಾವಕ ಶ್ರಾವಿಕೆಯರು ಸಾವಧಾನವಾಗಿ ವಿಚಾರಿಸಬೇಕಾಗಿದೆ.

ಬೆಳಗಾವಿ ಸೀಮೆಯ ಒಂದು ಗ್ರಾಮದಲ್ಲಿ ಕಬ್ಬಿನ ಬೇಸಾಯ ಮಾಡಿಕೊಂಡಿರುವ ಒಂದು ಶ್ರಾವಕ ಕುಟುಂಬವನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ಇಂಥ ಮನೆ ಯಾವ ಊರಿನಲ್ಲಿಯಾದರೂ ಇರಬಹುದು. ಮನೆಯಲ್ಲಿ ಅಜ್ಜಿ, ತಂದೆ, ತಾಯಿ, ಹತ್ತು ವರ್ಷದ ಮಗ, ಆರು ವರ್ಷದ ಮಗಳು. ಅಕ್ಷಯತೃತೀಯೆಯಂದು ಅವರ ಹೊಲದ ಕಬ್ಬಿನ ಹಾಲೇ ಬಸದಿಗೆ ಹೋಗುವುದು ವಾಡಿಕೆ. ಆ ವರ್ಷ ಬಸದಿಯ ಜಗುಲಿಯ ಮೇಲೆ ಎಲ್ಲ ಮಕ್ಕಳೂ ಲೋಟ ಹಿಡಿದು ನಿಂತಿದ್ದರೆ ಈ ಹುಡುಗಿ ಮಾತ್ರ ತಾಯಿಯ ಸೆರಗಿನಲ್ಲಿ ಮುಖವಿಟ್ಟು ಮಲಗಿತ್ತು. ಜ್ವರವು ಬಿಟ್ಟು ಬಿಟ್ಟು ಬರುತ್ತಿತ್ತು. ಕಾಲು ನೋಯುತ್ತದೆಂದು ನಡೆಯಲೊಲ್ಲದು. ಮೈ ಬಿಳುಪೇರಿ, ಏಟು ಬೀಳದಿದ್ದರೂ ಮೊಣಕಾಲಿನ ಕೆಳಗೆ ನೀಲಿಗಟ್ಟಿದ ಕಲೆಗಳು ಮೂಡಿದ್ದವು. ಮೂರು ವಾರ ಊರಿನ ಔಷಧವಾಯಿತು. ಕೊನೆಗೆ ತಾಲ್ಲೂಕಿನ ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿ, ಆ ರಾತ್ರಿಯೇ ಮಹಾನಗರದ ಆಸ್ಪತ್ರೆಗೆ ಹೊರಡುವಂತೆ ಹೇಳಿದರು. ಅಲ್ಲಿ ಅಸ್ಥಿಮಜ್ಜೆಯನ್ನು ಪರೀಕ್ಷಿಸಿ, ಇದು ರಕ್ತದ ಕ್ಯಾನ್ಸರ್, ಮಕ್ಕಳಲ್ಲಿ ಎಲ್ಲ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಕಾಣುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದು ತಿಳಿಸಿದರು.

ಎಲುಬಿನೊಳಗಿನ ಮಜ್ಜೆಯಲ್ಲಿ ಪಕ್ವವಾಗದ ಬಿಳಿಯ ರಕ್ತಕಣಗಳು ಅಂಕೆಯಿಲ್ಲದೆ ಬೆಳೆದು, ಒಳ್ಳೆಯ ಕಣಗಳಿಗೆ ಎಡೆಯಿಲ್ಲದಂತೆ ಮಾಡುವುದೇ ಈ ವ್ಯಾಧಿ. ಕೆಂಪು ಕಣ ಕುಗ್ಗಿದ್ದರಿಂದ ಬಿಳುಪು, ಪ್ಲೇಟ್‌ಲೆಟ್ ಕುಗ್ಗಿದ್ದರಿಂದ ನೀಲಿ ಕಲೆ, ರೋಗವನ್ನು ಎದುರಿಸುವ ಶಕ್ತಿ ಕುಗ್ಗಿದ್ದರಿಂದ ಜ್ವರ. ಇದು ಅಂಟುವ ರೋಗವಲ್ಲ. ತಿಂದುದರಿಂದ ಬಂದುದಲ್ಲ, ಯಾರ ದೃಷ್ಟಿ ತಗುಲಿದ್ದರಿಂದ ಬಂದುದೂ ಅಲ್ಲ. ಬಹುಪಾಲು ಮಕ್ಕಳಲ್ಲಿ ಇಂಥದೇ ಕಾರಣವೆಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಇಷ್ಟನ್ನು ವೈದ್ಯರು ತಾಳ್ಮೆಯಿಂದ ವಿವರಿಸಿದರು. ತಾಯಿಯ ಕಿವಿಗೆ ಒಂದೂ ಬೀಳಲಿಲ್ಲ. ಆಕೆಯ ಬಾಯಿಂದ ಹೊರಟುದು ಒಂದೇ ಮಾತು: “ನಾ ಏನ್ ಪಾಪ ಮಾಡಿದ್ದೆ?”

ಕರ್ಮದ ಪ್ರಶ್ನೆ

ಜೈನ ಮನೆಗಳಲ್ಲಿ ಈ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಅಸಾತಾವೇದನೀಯ ಕರ್ಮದ ಉದಯವಿಲ್ಲದೆ ಪೀಡೆಯಿಲ್ಲ ಎಂಬುದು ಸಿದ್ಧಾಂತ. ಆದರೆ ಸಿದ್ಧಾಂತದ ಅರ್ಧವನ್ನು ಮಾತ್ರ ಹಿಡಿದುಕೊಂಡವರು ಅದರಿಂದ ಎದೆಯನ್ನು ಚುಚ್ಚುವ ಬಾಣವನ್ನು ಮಾಡಿಕೊಳ್ಳುತ್ತಾರೆ. ನೋಡಲು ಬಂದ ಬಂಧುಗಳಲ್ಲಿ ಒಬ್ಬರು “ಹಿಂದಿನ ಜನ್ಮದ್ದು ಇರಬೇಕು” ಎಂದರು. ಇನ್ನೊಬ್ಬರು, ಗರ್ಭಿಣಿಯಾಗಿದ್ದಾಗ ಯಾವುದೋ ವ್ರತಕ್ಕೆ ಭಂಗ ಬಂದಿರಬೇಕೆಂದು ನೆನಪು ಮಾಡಿಸಹೊರಟರು.

ಯಾವ ಜೀವದ ಯಾವ ಕರ್ಮವು ಎಂದು ಬಂಧವಾಯಿತು, ಎಂದು ಉದಯಕ್ಕೆ ಬಂದಿತು ಎಂಬುದನ್ನು ಪ್ರತ್ಯಕ್ಷವಾಗಿ ಬಲ್ಲವನು ಕೇವಲಜ್ಞಾನಿಯೊಬ್ಬನೇ. ಛದ್ಮಸ್ಥರಾದ ಮಾನವರು ಅದನ್ನು ಊಹಿಸಿ ನುಡಿಯುವುದು ಜ್ಞಾನವಲ್ಲ, ಕಷಾಯ. ದುಃಖದಲ್ಲಿರುವವರ ಮೇಲೆ ದೋಷಾರೋಪಣೆ ಮಾಡುವ ನಾಲಗೆಯು ತನಗೇ ಹೊಸ ಬಂಧವನ್ನು ಕಟ್ಟಿಕೊಳ್ಳುತ್ತದೆ. ಇನ್ನು ತಾಯಿಯ ಕರ್ಮವನ್ನು ಮಗುವು ಉಣ್ಣುವುದೆಂಬುದಂತೂ ಸಿದ್ಧಾಂತಕ್ಕೇ ವಿರುದ್ಧ. ಪ್ರತಿಯೊಂದು ಜೀವವೂ ತಾನು ಕಟ್ಟಿದ್ದನ್ನು ತಾನೇ ಅನುಭವಿಸುತ್ತದೆ. ಏಕತ್ವಭಾವನೆಯ ಸಾರವೇ ಅದು. ಆದ್ದರಿಂದ “ನನ್ನ ಪಾಪ ನನ್ನ ಕೂಸಿಗೆ ಬಂತು” ಎಂದು ತಾಯಿಯು ತನ್ನನ್ನು ತಾನು ಸುಟ್ಟುಕೊಳ್ಳುವುದಕ್ಕೆ ಆಗಮದಲ್ಲಿ ಆಧಾರವಿಲ್ಲ. ಶೋಕ, ಆಕ್ರಂದನ, ಪರಿದೇವನೆಗಳು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡಲ್ಪಟ್ಟರೆ ಅವೇ ಅಸಾತೆಯ ಆಸ್ರವಕ್ಕೆ ಕಾರಣಗಳೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ.

ಕರ್ಮಸಿದ್ಧಾಂತವು ಕೈಕಟ್ಟಿ ಕುಳಿತುಕೊಳ್ಳುವ ಸಿದ್ಧಾಂತವೂ ಅಲ್ಲ. ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅಪೇಕ್ಷಿಸುತ್ತದೆ. ಅಪಕರ್ಷಣದಿಂದ ಕರ್ಮದ ಸ್ಥಿತಿ ಅನುಭಾಗಗಳು ಕುಗ್ಗಬಹುದು. ಸಂಕ್ರಮಣದಿಂದ ಅಸಾತೆಯು ಸಾತೆಯಾಗಿ ಪರಿಣಮಿಸಬಹುದು. ಪುರುಷಾರ್ಥಕ್ಕೆ ಎಡೆಯಿರುವುದರಿಂದಲೇ ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆ ದಾನಕ್ಕೆ ವೃಷಭಸೇನೆಯನ್ನು ಉದಾಹರಿಸಿದ್ದಾರೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಚಿಕಿತ್ಸೆಯು ಧರ್ಮಕ್ಕೆ ಹೊರಗಾಗಿದ್ದರೆ ನಿರ್ಗ್ರಂಥ ಪರಂಪರೆಯ ಆಚಾರ್ಯರು ಅದಕ್ಕಾಗಿ ಲೇಖನಿಯನ್ನು ಹಿಡಿಯುತ್ತಿರಲಿಲ್ಲ.

ಎಂಟು ದಿನಗಳ ಉಪವಾಸ

ಚಿಕಿತ್ಸೆಯ ಮೊದಲ ಹಂತವು ಐದು ವಾರಗಳದು. ಅದು ಮುಗಿದೊಡನೆ ಅಸ್ಥಿಮಜ್ಜೆಯನ್ನು ಮತ್ತೊಮ್ಮೆ ಪರೀಕ್ಷಿಸಿ, ರೋಗದ ಕಣಗಳು ಅಡಗಿವೆಯೇ ಇಲ್ಲವೇ ಎಂದು ನೋಡುತ್ತಾರೆ. ಆ ಪರೀಕ್ಷೆಯು ಬಂದುದು ಆಷಾಢದ ಅಷ್ಟಾಹ್ನಿಕ ಪರ್ವದಲ್ಲಿಯೇ. ತಾಯಿಯು ಅಷ್ಟಮಿಯ ದಿನ ವಾರ್ಡಿನ ಕಿಟಕಿಯ ಬಳಿ ಪೂರ್ವಾಭಿಮುಖವಾಗಿ ನಿಂತು, ಹುಣ್ಣಿಮೆಯವರೆಗೆ ಎಂಟು ದಿನ ನೀರಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲವೆಂದು ಸಂಕಲ್ಪ ಮಾಡಿದಳು. ಹಿಂದೆ ಊರಿನಲ್ಲಿ ಮಾಡಿದ ಉಪವಾಸಗಳಲ್ಲಿ ಕರ್ಮನಿರ್ಜರೆಯೊಂದೇ ಉದ್ದೇಶವಾಗಿತ್ತು. ಈ ಬಾರಿ ಮನಸ್ಸಿನ ಮೂಲೆಯಲ್ಲಿ ಬೇರೊಂದು ಮಾತಿತ್ತು: “ನಾ ಇಷ್ಟು ಕೊಡ್ತೀನಿ, ನನ್ನ ಮಗಳನ್ನ ನನಗೆ ಕೊಡು.”

ಯಾರೊಡನೆ ಈ ವ್ಯವಹಾರ? ಜಿನೇಂದ್ರನು ವೀತರಾಗನು. ಪೂಜೆಯಿಂದ ಒಲಿಯುವವನಲ್ಲ, ಪೂಜೆಯಿಲ್ಲದಿದ್ದರೆ ಮುನಿಯುವವನೂ ಅಲ್ಲ. ಅವನ ಸನ್ನಿಧಿಯಲ್ಲಿ ತೂಗುವ ತಕ್ಕಡಿಯಿಲ್ಲ. ಮಾಯೆ, ಮಿಥ್ಯಾತ್ವ, ನಿದಾನವೆಂಬ ಮೂರು ಶಲ್ಯಗಳು ಕಿತ್ತುಹೋಗದವನನ್ನು ವ್ರತಿಯೆಂದೇ ಶಾಸ್ತ್ರವು ಕರೆಯುವುದಿಲ್ಲ. ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಮುಳ್ಳು; ಮೇಲೆ ಎಷ್ಟು ಲೇಪ ಹಚ್ಚಿದರೂ ಒಳಗೆ ನೋಯುತ್ತಲೇ ಇರುವುದು. ಫಲವನ್ನು ಬೇಡಿ ಹಿಡಿದ ವ್ರತದೊಳಗೆ ನಿದಾನವೆಂಬ ಆ ಮುಳ್ಳು ಇರುತ್ತದೆ. ಇಷ್ಟಾಗಿಯೂ ಆ ತಾಯಿಯನ್ನು ಹಳಿಯುವುದು ಸಲ್ಲದು. ನೀರಿನಲ್ಲಿ ಮುಳುಗುವವರು ಹುಲ್ಲನ್ನೂ ಹಿಡಿಯುತ್ತಾರೆ. ಹುಲ್ಲಿನ ಬದಲು ದಡವನ್ನು ತೋರಿಸುವುದು ಅರಿತವರ ಕರ್ತವ್ಯ.

ಉಪವಾಸದ ಎರಡನೆಯ ದಿನ ಮಗುವು ಗಂಜಿಯ ಬಟ್ಟಲನ್ನು ಕೈಯಿಂದ ಸರಿಸಿತು. ಬಾಯಲ್ಲಿ ಹುಣ್ಣಾಗಿದೆಯೇನೋ ಎಂದು ತಾಯಿಯು ನೋಡಿದಳು, ಹುಣ್ಣಿರಲಿಲ್ಲ. ಮೂರನೆಯ ದಿನವೂ ಹಾಗೆಯೇ ಆಯಿತು. ಒತ್ತಾಯಿಸಿದಾಗ ಮಗು ಹೇಳಿತು: “ನೀ ಉಣ್ಣೂತನಕ ನಾನೂ ಉಣ್ಣಾಂಗಿಲ್ಲವ್ವ. ನಂದೂ ಉಪಾಸ.” ನಾಲ್ಕನೆಯ ದಿನ ಬೆಳಿಗ್ಗೆ, ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೊರಟ ತಾಯಿಯು ಕಣ್ಣು ಕತ್ತಲೆಗಟ್ಟಿ ಗೋಡೆಗೆ ಒರಗಿ ಕುಸಿದಳು. ದಾದಿಯೊಬ್ಬಳು ಓಡಿಬಂದು ಮಗುವನ್ನು ಹಿಡಿದುಕೊಂಡದ್ದರಿಂದ ಅನಾಹುತವು ತಪ್ಪಿತು. ಪ್ಲೇಟ್‌ಲೆಟ್ ಕಡಿಮೆಯಿರುವ ಮಗುವು ಬಿದ್ದು ತಲೆಗೆ ಪೆಟ್ಟಾದರೆ ಒಳಗೇ ರಕ್ತಸ್ರಾವವಾಗುವ ಭಯವುಂಟು ಎಂಬುದು ಆಕೆಗೆ ಆಮೇಲೆ ತಿಳಿಯಿತು.

ಅದೇ ದಿನ ತಂದೆಯು ಹಣದ ಏರ್ಪಾಡಿಗಾಗಿ ಊರಿಗೆ ಬಂದಿದ್ದನು. ಫೋನಿನಲ್ಲಿ ಸುದ್ದಿ ಕೇಳಿ ದಿಕ್ಕು ತೋಚದೆ, ಚಾತುರ್ಮಾಸಕ್ಕೆಂದು ಊರಿಗೆ ಆಗಮಿಸಿದ್ದ ಆರ್ಯಿಕಾ ಮಾತಾಜಿಯವರ ಬಳಿಗೆ ಹೋಗಿ “ವಂದಾಮಿ” ಎಂದು ಕುಳಿತು ಎಲ್ಲವನ್ನೂ ಅರಿಕೆ ಮಾಡಿಕೊಂಡನು. ಮಾತಾಜಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದರು: “ಮಗುವಿಗೆ ವಯಸ್ಸೆಷ್ಟು?” “ಆರು, ಮಾತಾಜಿ.” “ಎಂಟು ವರ್ಷ ತುಂಬುವ ಮುನ್ನ ಮನುಷ್ಯನಿಗೆ ಸಂಯಮದ ಯೋಗ್ಯತೆಯೇ ಇಲ್ಲವೆಂದು ಆಗಮವಿದೆ. ಆ ಕೂಸಿನ ಹಸಿವು ವ್ರತವಲ್ಲ, ತಾಯಿಯ ಮೇಲಿನ ಮೋಹ. ಆ ಹಸಿವಿಗೆ ತಾಯಿಯ ಉಪವಾಸ ನಿಮಿತ್ತವಾಯಿತಲ್ಲವೇ?”

ಬಳಿಕ ಅವರು ತಪಸ್ಸಿನ ಭೇದಗಳನ್ನು ನೆನಪಿಗೆ ತಂದರು. ಅನಶನವು ಆರು ಬಹಿರಂಗ ತಪಸ್ಸುಗಳಲ್ಲಿ ಮೊದಲನೆಯದು. ಬಹಿರಂಗವಿರುವುದು ಅಂತರಂಗಕ್ಕಾಗಿ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಅಂತರಂಗ ತಪಸ್ಸುಗಳಲ್ಲಿ ಮೂರನೆಯದಾದ ವೈಯಾವೃತ್ಯವೆಂದರೆ ಸೇವೆ. ಆ ಸೇವೆಯು ಮುಖ್ಯವಾಗಿ ಸಾಧುಗಳ ವಿಷಯದಲ್ಲಿ ಹೇಳಲ್ಪಟ್ಟಿದೆ, ನಿಜ. ಆದರೆ ಅದರ ಜೀವಾಳವಾದ ಅನುಕಂಪೆಯು ಗೃಹಸ್ಥನಿಗೆ ತನ್ನ ಮನೆಯ ರೋಗಿಯ ಬಳಿ ಬೇಡವೆಂದು ಯಾವ ಆಚಾರ್ಯರೂ ಹೇಳಿಲ್ಲ. ಉದ್ದಾಯನ ಮಹಾರಾಜನ ಕಥೆಯನ್ನು ಅರಿಯದ ಶ್ರಾವಕರಿಲ್ಲ. ಪರೀಕ್ಷಿಸಲೆಂದು ದೇವನೊಬ್ಬನು ಕುಷ್ಠರೋಗಿಯಾದ ಮುನಿಯ ರೂಪವನ್ನು ತಳೆದು ಬಂದು, ಆಹಾರವನ್ನು ಸ್ವೀಕರಿಸಿ, ದುರ್ಗಂಧದ ವಾಂತಿಯನ್ನು ಮಾಡಿದನು. ಪರಿಚಾರಕರು ಮೂಗು ಮುಚ್ಚಿಕೊಂಡು ಓಡಿಹೋದರು. ರಾಜನೂ ರಾಣಿ ಪ್ರಭಾವತಿಯೂ ನಿಂತು, ಕೈಯಾರೆ ತೊಳೆದರು. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾದವನು ಉಪವಾಸಗಳನ್ನು ಎಣಿಸಿದವನಲ್ಲ, ವಾಂತಿಯನ್ನು ಬಳಿದವನು.

“ನಿನ್ನ ಹೆಂಡತಿಯು ಐದು ವಾರಗಳಿಂದ ಅದನ್ನೇ ಮಾಡುತ್ತಿದ್ದಾಳೆ. ಅದು ತಪಸ್ಸೆಂದು ಆಕೆಗೆ ಯಾರೂ ಹೇಳಲಿಲ್ಲ, ಅಷ್ಟೇ” ಎಂದರು ಮಾತಾಜಿ. ಶಕ್ತಿಯನ್ನು ಮುಚ್ಚಿಡದೆಯೂ ಮೀರದೆಯೂ ತಪವಿರಬೇಕು. ಹಿಡಿದ ಪ್ರತ್ಯಾಖ್ಯಾನವನ್ನು ಬಿಡುವುದಕ್ಕಾಗಿ ಒಂಬತ್ತು ಬಾರಿ ಪಂಚನಮಸ್ಕಾರವನ್ನು ಜಪಿಸಿ ಕಾಯೋತ್ಸರ್ಗ ಮಾಡಲಿ. ಉಳಿದ ದಿನಗಳಲ್ಲಿ ಹಗಲು ಎರಡು ಬಾರಿ, ಮಗುವಿನ ಎದುರಿಗೇ ಕುಳಿತು, ಮಗುವು ಉಣ್ಣುವುದನ್ನೇ ತಾನೂ ಉಣ್ಣಲಿ. ಬಿಡಲೇಬೇಕೆಂದಿದ್ದರೆ ಬೆಲ್ಲವೊಂದನ್ನು ಬಿಡಲಿ, ರಸಪರಿತ್ಯಾಗವೂ ತಪಸ್ಸೇ. ಬಿಡಲೇಬೇಕಾದ ಇನ್ನೊಂದಿದೆ, ಅದು ಕೊಡುಕೊಳ್ಳುವ ಮಾತು.

ತಂದೆಯು ರಾತ್ರಿಯ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ವಾರ್ಡಿಗೆ ಬಂದನು. ಅವನು ತಂದ ಮಾತನ್ನು ಕೇಳಿ ತಾಯಿಯು ಕಾಯೋತ್ಸರ್ಗ ಮಾಡಿ, ಬಟ್ಟಲಿಗೆ ಗಂಜಿಯನ್ನು ಹಾಕಿಕೊಂಡು ಮಗಳ ಮುಂದೆ ಕುಳಿತಳು. ಮಗುವು ತಾಯಿಯ ಮುಖವನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿ, ತಾಯಿಯು ಮೊದಲ ತುತ್ತನ್ನು ನುಂಗಿದ ಮೇಲೆ ಬಾಯಿ ತೆರೆಯಿತು. ಎರಡು ದಿನ ಕಳೆದು ಪರೀಕ್ಷೆಯ ಫಲಿತಾಂಶ ಬಂದಿತು. ಮಜ್ಜೆಯಲ್ಲಿ ರೋಗದ ಕಣಗಳು ಕಾಣಲಿಲ್ಲ. ಉಪವಾಸವು ಮುರಿದುದರಿಂದ ಫಲವು ಕೆಡಲಿಲ್ಲ. ಮುರಿದುದರಿಂದಲೇ ಒಳ್ಳೆಯದಾಯಿತೆಂದೂ ಅಲ್ಲ. ಆ ಎರಡಕ್ಕೂ ಇದ್ದ ನಂಟು ತಾಯಿಯ ಭಯವು ಹೆಣೆದದ್ದು ಮಾತ್ರ.

ಮೈನಾಸುಂದರಿಯು ಸಿದ್ಧಚಕ್ರದ ಆರಾಧನೆಯಿಂದ ಶ್ರೀಪಾಲನ ಕುಷ್ಠವನ್ನು ಕಳೆಯಲಿಲ್ಲವೇ ಎಂದು ಕೆಲವರು ಕೇಳಬಹುದು. ಕಳೆದಳು. ಆದರೆ ಆಕೆಯು ರೋಗಿಯಾದ ಪತಿಯನ್ನು ಕರ್ಮೋದಯವೆಂದು ಸಮಚಿತ್ತದಿಂದ ಸ್ವೀಕರಿಸಿ, ಮೊದಲ ದಿನದಿಂದಲೇ ಸೇವೆಗೆ ನಿಂತವಳು. ಆಕೆಯ ಭಕ್ತಿಯು ನಿರ್ಮಲವಾಗಿದ್ದುದರಿಂದ ಪುಣ್ಯವು ಉದಯಿಸಿತು. ರೋಗವು ಹೋಗದಿದ್ದರೂ ಆಕೆಯು ಅರ್ಹಂತರನ್ನು ಬಿಡುವವಳಾಗಿರಲಿಲ್ಲ. ಕಥೆಯ ಫಲವನ್ನು ಮಾತ್ರ ನೋಡಿ ಭಾವವನ್ನು ಮರೆತರೆ ಅದು ಪುರಾಣಶ್ರವಣವಾಗುವುದಿಲ್ಲ.

ಚಿಕಿತ್ಸೆಯೆಂಬ ದೀರ್ಘ ನೋಂಪಿ

ಈ ವ್ಯಾಧಿಯ ಚಿಕಿತ್ಸೆಯು ಎರಡರಿಂದ ಮೂರು ವರ್ಷಗಳವರೆಗೆ ನಡೆಯುತ್ತದೆ. ಮೊದಲ ತಿಂಗಳಿನ ಕೊನೆಗೆ ಬಹುಪಾಲು ಮಕ್ಕಳಲ್ಲಿ ರೋಗವು ಅಡಗುತ್ತದೆ. ಅಡಗುವುದೆಂದರೆ ಹೋಗುವುದಲ್ಲ. ಕಣ್ಣಿಗೆ ಕಾಣದ ಕಣಗಳು ಉಳಿದಿರುತ್ತವೆ. ಮಗುವು ಆಡುತ್ತದೆ, ನಗುತ್ತದೆ, ಕೆನ್ನೆ ತುಂಬಿಕೊಳ್ಳುತ್ತದೆ. ಆಗ ಅಜ್ಜಿಯು, “ಹುಡುಗಿ ಆರಾಮ ಆಗ್ಯಾಳಲ್ಲ, ಇನ್ನೆದಕ್ಕ ಆ ವಿಷದಂಥಾ ಮದ್ದು? ಕೂದಲೂ ಹೋದೂವು” ಎಂದಳು. ಹಣವು ಮುಗಿದ ಮನೆಗಳಲ್ಲಿ, ಆಸ್ಪತ್ರೆಯು ದೂರವಾದ ಮನೆಗಳಲ್ಲಿ ಚಿಕಿತ್ಸೆಯು ನಿಂತುಹೋಗುವುದು ಈ ಹಂತದಲ್ಲಿಯೇ. ಹಾಗೆ ಅರ್ಧಕ್ಕೆ ಬಿಟ್ಟ ಮಕ್ಕಳಲ್ಲಿ ರೋಗವು ಮರಳಿ ಬರುತ್ತದೆ. ಬಂದ ರೋಗವು ಮೊದಲಿನಷ್ಟು ಸುಲಭವಾಗಿ ಮಣಿಯುವುದಿಲ್ಲ. ಹೆಚ್ಚು ಆದಾಯದ ದೇಶಗಳಲ್ಲಿ ಕ್ಯಾನ್ಸರಿಗೆ ಒಳಗಾದ ನೂರು ಮಕ್ಕಳಲ್ಲಿ ೮೦ಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಿದ್ದರೆ, ಕಡಿಮೆ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ೩೦ಕ್ಕಿಂತಲೂ ಕಡಿಮೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಚಿಕಿತ್ಸೆಯನ್ನು ನಡುವೆ ಬಿಡುವುದು ಆ ಅಂತರಕ್ಕೆ ಕಾರಣಗಳಲ್ಲೊಂದು. ೨೦೩೦ರ ಹೊತ್ತಿಗೆ ಜಗತ್ತಿನಾದ್ಯಂತ ಕನಿಷ್ಠ ೬೦ ಮಂದಿಯಾದರೂ ಉಳಿಯಬೇಕೆಂಬ ಗುರಿಯನ್ನು ಆ ಸಂಸ್ಥೆಯು ೨೦೧೮ರಲ್ಲಿ ಇರಿಸಿಕೊಂಡಿತು.

ನೋಂಪಿಯನ್ನು ಹಿಡಿದು ಅರ್ಧಕ್ಕೆ ಬಿಡಬಾರದೆಂದು ಬಲ್ಲ ಶ್ರಾವಿಕೆಗೆ ಇದನ್ನು ತಿಳಿಸಿಕೊಡುವುದು ಕಷ್ಟವಲ್ಲ. ಚಿಕಿತ್ಸೆಯೂ ಒಂದು ನೋಂಪಿ. ಅದಕ್ಕೆ ಸಂಕಲ್ಪವಿದೆ, ಕಾಲನಿಯಮವಿದೆ, ಅತಿಚಾರವಿದೆ, ಕೊನೆಗೆ ಉದ್ಯಾಪನೆಯೂ ಇದೆ. ಕೊನೆಯ ದೀರ್ಘಹಂತದಲ್ಲಿ ಮಗುವು ದಿನಕ್ಕೊಮ್ಮೆ ಒಂದು ಗುಳಿಗೆಯನ್ನೂ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆಯನ್ನೂ ತೆಗೆದುಕೊಳ್ಳಬೇಕಾಗುತ್ತದೆ. ರಾತ್ರಿಭೋಜನತ್ಯಾಗದ ಮನೆಯವರಾದುದರಿಂದ ತಂದೆಯು ವೈದ್ಯರನ್ನು ಕೇಳಿದನು. ಸೂರ್ಯಾಸ್ತಕ್ಕೆ ಮೊದಲೇ ಕೊಡಬಹುದು, ಆದರೆ ದಿನವೂ ಅದೇ ಹೊತ್ತಿಗೆ ಕೊಡಬೇಕು, ಒಂದು ದಿನವೂ ತಪ್ಪಬಾರದು ಎಂದು ಅವರು ಹೇಳಿದರು. ತಾಯಿಯು ನೋಂಪಿಯ ದಿನಗಳನ್ನು ಗುರುತು ಹಾಕುತ್ತಿದ್ದ ಪಂಚಾಂಗದಲ್ಲಿಯೇ ಗುಳಿಗೆಯ ದಿನಗಳನ್ನು ಗುರುತು ಹಾಕತೊಡಗಿದಳು.

ಜೈನರ ಮನೆಯ ಆಚಾರಗಳಲ್ಲಿ ಹಲವು ಈ ಕಾಲದಲ್ಲಿ ಕಾವಲಾಗಿ ನಿಲ್ಲುತ್ತವೆ. ನೀರನ್ನು ಗಾಳಿಸಿ ಕುದಿಸುವುದು, ಅಂದಂದಿನ ಅಡುಗೆಯನ್ನು ಅಂದೇ ಉಣ್ಣುವುದು, ಕೈಕಾಲು ತೊಳೆದಲ್ಲದೆ ಅಡುಗೆಮನೆಯನ್ನು ಹೊಗದಿರುವುದು ಇವು ರಕ್ತದ ಬಿಳಿಯ ಕಣ ಕುಗ್ಗಿದ ಮಗುವಿಗೆ ಅತ್ಯಾವಶ್ಯಕವಾದ ಮಡಿ. ಇನ್ನು ಕೆಲವು ಆಚಾರಗಳಲ್ಲಿ ವಿವೇಕ ಬೇಕು. ಕಣಗಳ ಸಂಖ್ಯೆ ಇಳಿದಿರುವಾಗ ಪಂಚಕಲ್ಯಾಣದ ಜನಸಂದಣಿಗೆ ಮಗುವನ್ನು ಕರೆದೊಯ್ಯಬಾರದು. ಮನೆಯಲ್ಲಿಯೇ ಕುಳಿತು ಕೈಮುಗಿದರೂ ಪುಣ್ಯವು ಕುಂದದು. ಗಂಧೋದಕವನ್ನು ಮಗುವಿನ ಬಾಯಿಗಾಗಲಿ, ಸೂಜಿ ಚುಚ್ಚಿದ ಕಡೆಗಾಗಲಿ ಸೋಕಿಸದೆ ತಾಯಿತಂದೆಗಳೇ ಶಿರಸ್ಸಿನಲ್ಲಿ ಧರಿಸಬೇಕು. ಜ್ವರವು ೧೦೦.೪ ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿದರೆ ಬೆಳಗಾಗಲೆಂದು ಕಾಯದೆ, ಮನೆಮದ್ದು ಮಾಡದೆ, ಆಸ್ಪತ್ರೆಗೆ ಧಾವಿಸಬೇಕು. ಮಾತ್ರೆಯ ಕವಚದ ಬಗ್ಗೆ ಅಹಿಂಸೆಯ ಸಂಶಯ ಬಂದರೆ ಅದನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಕೇಳಬೇಕು. ತಾವಾಗಿಯೇ ಕವಚವನ್ನು ಬಿಚ್ಚುವುದಾಗಲಿ ಔಷಧವನ್ನು ಬಿಡುವುದಾಗಲಿ ಕೂಡದು.

ಈ ಔಷಧಗಳ ಹಿಂದೆಯೂ ತಪಸ್ಸಿದೆ. ೧೯೪೮ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅಮಿನೊಪ್ಟೆರಿನ್ ಎಂಬ ಔಷಧದಿಂದ ಈ ರೋಗದ ಮಕ್ಕಳಲ್ಲಿ ತಾತ್ಕಾಲಿಕವಾಗಿಯಾದರೂ ರೋಗವು ಅಡಗಿದುದನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಇಂಥ ಮಗುವಿಗೆ ಕೊಡಬಹುದಾದ ಫಲಕಾರಿ ಮದ್ದೇ ಇರಲಿಲ್ಲ. ಆ ಔಷಧವನ್ನು ಸಿದ್ಧಪಡಿಸಿಕೊಟ್ಟ ಪ್ರಯೋಗಶಾಲೆಯ ಸಂಶೋಧನೆಗೆ ನಾಯಕರಾಗಿದ್ದವರು ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಬಗೆಯ ಮೆಥೊಟ್ರೆಕ್ಸೇಟನ್ನು ಇಂದಿಗೂ ಮಕ್ಕಳು ವಾರಕ್ಕೊಮ್ಮೆ ನುಂಗುತ್ತಿದ್ದಾರೆ. ಸೂಜಿಯಲ್ಲಿ ಕೊಡುವ ವಿನ್‌ಕ್ರಿಸ್ಟಿನ್ ದೊರೆಯುವುದು, ಬಸದಿಯ ಅಂಗಳದಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡದಿಂದ. ಹಾಗೆಂದು ಆ ಗಿಡದ ಕಷಾಯವನ್ನು ಮನೆಯಲ್ಲಿ ಕಾಯಿಸಿ ಕುಡಿಸುವುದು ಪ್ರಾಣಾಪಾಯಕರ, ಗಿಡವು ವಿಷವುಳ್ಳದ್ದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ೧೯೪೧ರಿಂದಲೂ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ೧೯೭೩ರಿಂದಲೂ ಈ ಬಗೆಯ ರೋಗಿಗಳನ್ನು ನೋಡಿಕೊಳ್ಳುತ್ತ ಬಂದಿವೆ.

ರೋಗವು ಪ್ರತೀಕಾರಕ್ಕೆ ಮಣಿಯದಿದ್ದಾಗಲೇ ಸಲ್ಲೇಖನೆಯ ಮಾತು ಎಂಬುದನ್ನು ಇಲ್ಲಿ ಮರೆಯಬಾರದು. ಪ್ರತೀಕಾರವಿರುವ ರೋಗದಲ್ಲಿ, ಅದೂ ಸಂಯಮಕ್ಕೆ ವಯಸ್ಸೇ ಬಾರದ ಮಗುವಿನ ವಿಷಯದಲ್ಲಿ, “ದೇಹ ನಶ್ವರ, ಬಿಟ್ಟುಬಿಡಿ” ಎನ್ನುವುದು ವೈರಾಗ್ಯವಲ್ಲ. ರೋಗಗಳನ್ನು ಲೆಕ್ಕಿಸದೆ ತಪೋನಿರತನಾದ ಸನತ್ಕುಮಾರ ಚಕ್ರವರ್ತಿಯು ಬಿಟ್ಟುದು ತನ್ನ ದೇಹದ ಮಮತೆಯನ್ನು. ಪರರ ಮಗುವಿನ ಔಷಧವನ್ನಲ್ಲ.

ಬರಿದಾದ ಹಾಸಿಗೆ

ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಎಂಟು ವರ್ಷದ ಹುಡುಗನಿದ್ದನು. ಅವನ ತಾಯಿ ಬೇರೆ ಮತದವಳು. ತನ್ನ ಊರ ದೇವರಿಗೆ ಹರಕೆ ಹೊತ್ತು ವಾರದಲ್ಲಿ ಎರಡು ದಿನ ಉಪವಾಸವಿರುತ್ತಿದ್ದಳು. ಚಿಕಿತ್ಸೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ರೋಗವು ಮರಳಿತು. ಕಾರ್ತಿಕದ ಒಂದು ಬೆಳಿಗ್ಗೆ ಆ ಹಾಸಿಗೆಯು ಬರಿದಾಗಿತ್ತು. ಆ ತಾಯಿಯು ಬಟ್ಟೆಯ ಗಂಟನ್ನು ಕಟ್ಟುತ್ತ ಈಕೆಯನ್ನು ಕೇಳಿದಳು: “ಅಕ್ಕಾ, ನೀನೂ ಉಪವಾಸ ಮಾಡಿದಿ, ನಾನೂ ಮಾಡಿದೆ. ನನ್ನದರಾಗ ಏನು ಕಮ್ಮಿ ಬಿತ್ತು?”

ಈಕೆಯ ಬಾಯಿಂದ ಉತ್ತರ ಹೊರಡಲಿಲ್ಲ. ಅವಳನ್ನು ತಬ್ಬಿಕೊಂಡು ಅತ್ತಳು. ಆದರೆ ಮಾತಾಜಿಯವರು ಕೊಡುಕೊಳ್ಳುವ ಮಾತನ್ನು ಬಿಡಬೇಕೆಂದುದರ ಅರ್ಥವು ಅಂದು ಆಕೆಗೆ ಪೂರ್ಣವಾಗಿ ಹೊಳೆಯಿತು. ಉಪವಾಸವು ಮಗುವಿನ ಪ್ರಾಣಕ್ಕೆ ಬೆಲೆಯಾಗಿದ್ದರೆ, ಮಗುವನ್ನು ಕಳೆದುಕೊಂಡ ತಾಯಿಯು ಕಡಿಮೆ ಬೆಲೆ ತೆತ್ತವಳಾಗುತ್ತಾಳೆ. ಆಗ ಮಗುವನ್ನೂ ಕಳೆದುಕೊಂಡು, ತನ್ನ ಭಕ್ತಿಯ ಮೇಲಿನ ನಂಬಿಕೆಯನ್ನೂ ಕಳೆದುಕೊಂಡು ಮನೆಗೆ ಹೋಗಬೇಕಾಗುತ್ತದೆ. ವ್ರತವು ಬೆಲೆಯಲ್ಲವೆಂಬ ಶಾಸ್ತ್ರವಚನವು ಕಠೋರವಾಗಿ ಕಾಣಬಹುದು. ಬರಿದಾದ ಹಾಸಿಗೆಯ ಬಳಿ ನಿಂತು ನೋಡಿದರೆ ಅದರಷ್ಟು ಕರುಣೆಯ ಮಾತು ಇನ್ನೊಂದಿಲ್ಲ. ಆ ತಾಯಿಯ ಸೇವೆಯಲ್ಲಿ ಕಮ್ಮಿ ಬಿದ್ದುದು ಏನೂ ಇಲ್ಲ. ಆಯುಷ್ಯಕರ್ಮವು ಮುಗಿದ ಜೀವವನ್ನು ಇಂದ್ರನೂ ನಿಲ್ಲಿಸಲಾರನು. ಅಶರಣಭಾವನೆಯು ಹೆದರಿಸುವುದಕ್ಕಾಗಿ ಹೇಳಿದುದಲ್ಲ. ಸೋತ ತಾಯಿಯ ಹೆಗಲಿನಿಂದ, ಹೊರಲಾರದ ಹೊರೆಯನ್ನು ಇಳಿಸುವುದಕ್ಕಾಗಿ ಹೇಳಿದುದು.

ಹಾಗಾದರೆ ವ್ರತದಿಂದ ಪ್ರಯೋಜನವೇನು? ಇಷ್ಟವಿಯೋಗದ ಭಯ, ವೇದನೆಯ ಚಿಂತೆ ಇವು ಆರ್ತಧ್ಯಾನಗಳು. ರಾತ್ರಿಯೆಲ್ಲ ಎಚ್ಚರವಿರುವ ತಾಯಿತಂದೆಗಳನ್ನು ಅವು ಮುಕ್ಕುತ್ತವೆ. ಹಗಲು ಎರಡು ಗಳಿಗೆಯ ಸಾಮಾಯಿಕ, ಒಂದು ರಸದ ತ್ಯಾಗ, ಮಲಗುವ ಮುನ್ನ ಪಂಚನಮಸ್ಕಾರ ಇವು ಮಗುವಿನ ರಕ್ತವನ್ನು ಬದಲಾಯಿಸುತ್ತವೆಂದು ಅಲ್ಲ. ಮಗುವಿನ ಕೈ ಹಿಡಿದಿರುವ ಕೈ ನಡುಗದಂತೆ ಮಾಡುತ್ತವೆ. ಸೂಜಿ ಚುಚ್ಚುವ ಹೊತ್ತಿನಲ್ಲಿ ಮಗುವು ನೋಡುವುದು ವೈದ್ಯರ ಮುಖವನ್ನಲ್ಲ, ತಾಯಿಯ ಮುಖವನ್ನು. ಆ ಮುಖದ ಶಾಂತಿಯೇ ವ್ರತದ ಪ್ರತ್ಯಕ್ಷ ಫಲ.

ಸಮಾಜದ ಇಕ್ಷುರಸ

ವೃಷಭಸ್ವಾಮಿಯ ಮುಂದೆ ರತ್ನಗಳನ್ನು ಹಿಡಿದ ಪ್ರಜೆಗಳಂತೆ, ಇಂಥ ಮನೆಗೆ ಬರುವ ಬಂಧುಗಳೂ ಬೇಡವಾದುದನ್ನೇ ತರುತ್ತಾರೆ. ಒಬ್ಬರು ತಾಯಿತವನ್ನು ತರುತ್ತಾರೆ, ಒಬ್ಬರು ಯಕ್ಷಿಯ ಹರಕೆಯನ್ನು ಸೂಚಿಸುತ್ತಾರೆ, ಒಬ್ಬರು ಸತ್ತವರ ಕಥೆಯನ್ನು ಹೇಳಿಹೋಗುತ್ತಾರೆ. ವಿಧಿಯನ್ನರಿತ ದಾನವು ಬೇರೆ. ಆ ಊರಿನ ಶ್ರಾವಕರು ಮಾತಾಜಿಯವರ ಪ್ರೇರಣೆಯಿಂದ ಅದನ್ನು ಕಲಿತರು. ನೆರೆಯವರು ಕಬ್ಬಿಗೆ ನೀರು ಹಾಯಿಸಿದರು. ಯುವಕರು ಸರದಿಯಂತೆ ಹೋಗಿ ರಕ್ತವನ್ನೂ ಪ್ಲೇಟ್‌ಲೆಟ್ಟನ್ನೂ ಕೊಟ್ಟರು. ಅನಂತನೋಂಪಿಯ ಉದ್ಯಾಪನೆಗೆ ಊಟಕ್ಕೆಂದು ಕೂಡಿಸಿಟ್ಟಿದ್ದ ಹಣವನ್ನು ಒಂದು ಮನೆಯವರು ಔಷಧದಾನವೆಂದು ಕೊಟ್ಟರು. ಸರ್ಕಾರದ ಆರೋಗ್ಯ ಕಾರ್ಡಿನ ಕಾಗದಪತ್ರಗಳಿಗಾಗಿ ಒಬ್ಬರು ಕಚೇರಿಗೆ ಅಲೆದರು. ಶಾಲೆಯಿಂದ ಬಂದು ಬಾಗಿಲಲ್ಲಿ ಒಂಟಿಯಾಗಿ ಕೂರುತ್ತಿದ್ದ ಹತ್ತು ವರ್ಷದ ಅಣ್ಣನನ್ನು ಅವನ ಅತ್ತೆಯು ತನ್ನ ಮನೆಗೆ ಕರೆದೊಯ್ದಳು. ತಂಗಿಗೆ ರೋಗ ಬಂದಾಗ ಅಣ್ಣನು ಮರೆತುಹೋಗುತ್ತಾನೆಂಬುದನ್ನು ಆಕೆಯೊಬ್ಬಳೇ ಕಂಡಿದ್ದಳು.

ಎರಡೂವರೆ ವರ್ಷಗಳ ಬಳಿಕ, ಕಾರ್ತಿಕದ ಅಷ್ಟಾಹ್ನಿಕಕ್ಕೆ ಮುನ್ನ ಕೊನೆಯ ಗುಳಿಗೆಯಾಯಿತು. ಕೂದಲು ಬೆಳೆದಿತ್ತು. ಮಗುವಿಗೆ ಎಂಟು ವರ್ಷ ತುಂಬಿತ್ತು. ವೈದ್ಯರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಬೇಕೆಂದು, ಮರಳುವ ಸಂಭವವು ವರ್ಷಗಳು ಕಳೆದಂತೆ ಕಡಿಮೆಯಾಗುವುದೆಂದು ತಿಳಿಸಿದರು. ನಿಶ್ಚಯವಾದ ಮಾತನ್ನು ಅವರು ಕೊಡಲಿಲ್ಲ, ತಾಯಿಯೂ ಕೇಳಲಿಲ್ಲ. ಮುಂದಿನ ಅಕ್ಷಯತೃತೀಯೆಯಂದು ಬಸದಿಯ ಜಗುಲಿಯ ಮೇಲೆ ಮಕ್ಕಳೊಡನೆ ನಿಂತು ಹುಡುಗಿಯು ಲೋಟವನ್ನೊಡ್ಡಿತು. ತಾಯಿಯು ಮೊದಲ ಲೋಟವನ್ನು ಮಗಳಿಗೆ ಕೊಡಲಿಲ್ಲ. ಪರವೂರಿನಿಂದ ಬಂದ ಒಂದು ಸಣ್ಣ ಹುಡುಗನಿಗೆ ಕೊಟ್ಟಳು. ಆ ಹುಡುಗನಿಗೆ ಎಂಟು ವರ್ಷವಿರಬಹುದು.

ರೋಗಶಯ್ಯೆಯ ಬಳಿ ಕುಳಿತಿರುವ ಎಲ್ಲ ತಾಯಿತಂದೆಗಳ ವ್ರತವು ಶಲ್ಯರಹಿತವಾಗಲಿ. ಅವರ ಕೈಗೆ ಬಲವೂ ಮನಸ್ಸಿಗೆ ಸಮತೆಯೂ ಒದಗಲಿ. ಅವರ ಬಾಗಿಲಿಗೆ ಹೋಗುವ ಶ್ರಾವಕ ಶ್ರಾವಿಕೆಯರು ರತ್ನಗಳನ್ನು ಬಿಟ್ಟು ಇಕ್ಷುರಸವನ್ನೇ ಒಯ್ಯುವಂತಾಗಲಿ. ಸಕಲ ಜೀವರಿಗೂ ಶಾಂತಿಯಾಗಲಿ.